ಗರ್ಭಗುಡಿಯ ಹೊರಗೆ ನಿಂತವನು

ನಾಗಪುರದ ಈಶಾನ್ಯಕ್ಕೆ ಕಾಮಠಿ, ನೈಋತ್ಯಕ್ಕೆ ಹಿಂಗಣಾ. ಕಾಮಠಿ ಹಳೆಯ ದಂಡಿನ ಊರು. ಭೂಸೇನೆಯ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರ ಈಗ ಇರುವುದು ಅಲ್ಲಿಯೇ. ಹಿಂಗಣಾ ರಸ್ತೆ ಎಂದರೆ ಎಂಐಡಿಸಿ, ಟ್ರ್ಯಾಕ್ಟರ್ ಕಾರ್ಖಾನೆ, ಶಿಫ್ಟು ಬಿಟ್ಟಾಗ ಸಾಲುಗಟ್ಟುವ ಬೈಕುಗಳು, ಬಾಡಿಗೆ ಮನೆಗಳು. ಕಾಮಠಿ ರಸ್ತೆಯ ಕಡೆಯಿಂದ ಮೆಟ್ರೋದಲ್ಲಿ ಬಂದವರು ಸೀತಾಬರ್ಡಿಯಲ್ಲಿ ಇಳಿದು ಗಾಡಿ ಬದಲಿಸಿ ಹಿಂಗಣಾ ರಸ್ತೆಯ ಲೋಕಮಾನ್ಯ ನಗರ ಸೇರಬೇಕು. ಸೀತಾಬರ್ಡಿಯ ಗುಡ್ಡದ ಮೇಲೆ ಸೇನೆಯ ವಶದಲ್ಲಿರುವ ಕೋಟೆಯಿದೆ, ಊರೆಲ್ಲ ನಂಬುವ ಟೇಕಡಿ ಗಣಪತಿಯ ಗುಡಿಯಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ದೀಕ್ಷಾಭೂಮಿ. ಸೈನ್ಯ, ದೇವರು, ದೇವರನ್ನು ಬಿಟ್ಟುಬಂದವರು, ಮೂವರೂ ಇಷ್ಟು ಹತ್ತಿರದಲ್ಲಿರುವ ಊರು ನಮ್ಮಲ್ಲಿ ಹೆಚ್ಚಿಲ್ಲ.

ಈ ದಾರಿಯಲ್ಲಿ ಓಡಾಡುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಬಾಗಲಕೋಟೆ ಕಡೆಯವನು, ಸಿಪಾಯಿ. ಹಿಂಗಣಾದಲ್ಲಿ ಅವನು ಮೆಚ್ಚಿದ ಹುಡುಗಿಯಿದ್ದಾಳೆ. ಅವಳ ಅಪ್ಪ ವಿಜಯಪುರದಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು; ಮನೆದೇವರು ಪಂಢರಪುರದ ವಿಠ್ಠಲ. ಹುಡುಗ ಗಡಿಯಲ್ಲಿದ್ದ ಎರಡು ವರ್ಷ ಅವಳು ಪ್ರತಿ ಏಕಾದಶಿ ಉಪವಾಸ ಮಾಡಿದ್ದಾಳೆ. ಅವನು ಸುಖವಾಗಿ ಬಂದರೆ ಜೋಡಿಯಾಗಿ ಬಂದು ನಿನ್ನ ಪಾದ ಮುಟ್ಟುತ್ತೇವೆ ಎಂದು ಬೇಡಿಕೊಂಡಿದ್ದಾಳೆ. ಅವನು ಸುಖವಾಗಿಯೇ ಬಂದಿದ್ದಾನೆ. ಆದರೆ ದೇವರನ್ನು ಅಲ್ಲೆಲ್ಲೋ ಬಿಟ್ಟು ಬಂದಿದ್ದಾನೆ. ಗುಡಿಯ ಬಾಗಿಲವರೆಗೂ ಬರುತ್ತೇನೆ, ಒಳಗೆ ಬರಲಾರೆ ಎನ್ನುತ್ತಾನೆ. "ನೀ ಒಳಗ ಬರೂದಿಲ್ಲಂದ್ರ ನಾ ಬೇಡ್ಕೊಂಡಿದ್ದು ಯಾರಿಗೋಸ್ಕರ?" ಎಂಬ ಅವಳ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ.

ಈ ಇಬ್ಬರು ನನ್ನ ಕಲ್ಪನೆಯವರು. ಆದರೆ ಇವರ ಇಕ್ಕಟ್ಟು ಕಲ್ಪನೆಯದಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಡಗುಗಳಿಂದ ಸೈನ್ಯಕ್ಕೆ ಹೋಗುವ ಹುಡುಗರ ಬೆನ್ನ ಹಿಂದೆ ಹರಕೆ ಹೊತ್ತ ತಾಯಿ, ಹೆಂಡತಿ, ಪ್ರೇಯಸಿ ಇದ್ದೇ ಇರುತ್ತಾರೆ. ಹೋದವರೆಲ್ಲ ಹೋದಂತೆಯೇ ಮರಳುವುದಿಲ್ಲ. ಈ ಹುಡುಗ ಒಳಗೆ ಹೋಗಬೇಕೇ, ಹೊರಗೆ ನಿಲ್ಲಬೇಕೇ? ಹೊರಗೆ ನಿಂತರೆ ಅವಳ ಪ್ರೀತಿಗೆ ಮಾಡಿದ ಅವಮಾನವೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ: ಅವನು ಹೊರಗೇ ನಿಲ್ಲಲಿ, ಆದರೆ ಬಾಗಿಲವರೆಗೆ ಹೋಗಿಯೇ ನಿಲ್ಲಲಿ. ಹೀಗೇಕೆ ಹೇಳುತ್ತೇನೆ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಸೈನ್ಯ ಏನು ಹೇಳುತ್ತದೆ ನೋಡಬೇಕು. ಭಾರತದ ಸೈನಿಕ ಮಾಡುವ ಪ್ರತಿಜ್ಞೆಯಲ್ಲಿ ಎರಡು ದಾರಿಗಳಿವೆ. ದೇವರ ಹೆಸರಿನಲ್ಲಿ ಆಣೆ ಮಾಡಬಹುದು, ಇಲ್ಲವೇ ದೇವರನ್ನು ಕರೆಯದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ನಿಷ್ಠೆ ಎರಡರಲ್ಲೂ ಸಂವಿಧಾನಕ್ಕೇ. ಅಂದರೆ ದೇವರಿಲ್ಲದ ಸೈನಿಕನಿಗೆ ಕಾನೂನು ಪ್ರತಿಜ್ಞೆಯಲ್ಲೇ ಜಾಗ ಕೊಟ್ಟಿದೆ. ಆದರೆ ರೆಜಿಮೆಂಟಿನ ದಿನನಿತ್ಯದ ಬದುಕಿನಲ್ಲಿ ದೇವರು ತುಂಬಿಕೊಂಡಿದ್ದಾನೆ. ರಜಪೂತ್ ರೆಜಿಮೆಂಟಿನ ರಣಘೋಷ ಬಜರಂಗಬಲಿಯ ಜಯಕಾರ, ಕುಮಾಂವ್‌ನವರದು ಕಾಳಿಕಾ ಮಾತೆಯದು. ಗಾರ್ಡ್ಸ್‌ನವರ ಲಾಂಛನ, ಘೋಷ ಎರಡರಲ್ಲೂ ಗರುಡನಿದ್ದಾನೆ. ಸೇನೆಯಲ್ಲಿ ಧರ್ಮಶಿಕ್ಷಕ ಎಂಬ ಹುದ್ದೆಯೇ ಇದೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಕು ಎಲ್ಲರನ್ನೂ ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಪೂಜೆಯೊಂದೇ ಅವರ ಕೆಲಸವಲ್ಲ. ಅಂತ್ಯಕ್ರಿಯೆ ನಡೆಸುವುದು, ಆಸ್ಪತ್ರೆಯಲ್ಲಿ ಮಲಗಿದವರಿಗೆ ಸಮಾಧಾನ ಹೇಳುವುದು, ಚೇತರಿಸಿಕೊಳ್ಳುತ್ತಿರುವವರ ಜೊತೆ ಕೂತು ಪ್ರಾರ್ಥಿಸುವುದು ಕೂಡ ಅವರದೇ. ಸಾವಿನ ಪಕ್ಕದಲ್ಲಿ ಬದುಕುವವರಿಗೆ ಇವೆಲ್ಲ ಬೇಕಾಗುತ್ತದೆ ಎಂದು ಸೇನೆಗೆ ಗೊತ್ತು.

ಹಾಗಾದರೆ ಒಳಗೆ ಹೋಗಲಾರದವನಿಗೆ ಏನಾಗುತ್ತದೆ? ಇತ್ತೀಚೆಗೆ ದೇಶದ ಮುಂದೆ ಬಂದ ಪ್ರಕರಣ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಕಮಲೇಶನ್ ಅವರದು. 2017ರ ಮಾರ್ಚಿನಲ್ಲಿ 3ನೇ ಕ್ಯಾವಲ್ರಿ ರೆಜಿಮೆಂಟಿಗೆ ಅಧಿಕಾರಿಯಾಗಿ ಸೇರಿದ ಅವರು ಪ್ರೊಟೆಸ್ಟೆಂಟ್ ಕ್ರೈಸ್ತರು. ಅವರ ಕೈಕೆಳಗಿದ್ದ ತುಕಡಿ ಸಿಖ್ಖರದು. ರೆಜಿಮೆಂಟಿನ ವಾರದ ಧಾರ್ಮಿಕ ಪರೇಡಿಗೆ ಸೈನಿಕರ ಜೊತೆ ಹೋಗುತ್ತಿದ್ದರು. ಪೂಜೆ, ಆರತಿ ನಡೆಯುವಾಗ ಗರ್ಭಗುಡಿಯ ಒಳಗೆ ಮಾತ್ರ ಬರಲಾರೆ, ಅಂಗಳದಲ್ಲೇ ನಿಲ್ಲುತ್ತೇನೆ ಎಂದರು. ಮೇಲಧಿಕಾರಿಗಳು ಹಲವು ಸಲ ತಿಳಿಹೇಳಿದರು, ಒಬ್ಬ ಪಾದ್ರಿಯವರ ಮಾತನ್ನೂ ಮುಂದಿಟ್ಟರು. ಕಮಲೇಶನ್ ಕದಲಲಿಲ್ಲ. 2021ರ ಮಾರ್ಚಿನಲ್ಲಿ ಪಿಂಚಣಿ, ಗ್ರಾಚ್ಯುಯಿಟಿ ಇಲ್ಲದೆ ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ದೆಹಲಿ ಹೈಕೋರ್ಟ್ 2025ರ ಮೇ 30ರಂದು ವಜಾವನ್ನು ಎತ್ತಿಹಿಡಿಯಿತು: ಇದು ಧರ್ಮದ ಪ್ರಶ್ನೆಯಲ್ಲ, ಮೇಲಧಿಕಾರಿಯ ನ್ಯಾಯಬದ್ಧ ಆಜ್ಞೆಯನ್ನು ಪಾಲಿಸದ ಪ್ರಶ್ನೆ ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ನಿರಾಕರಿಸಿತು.

ಕಮಲೇಶನ್ ಸಂದೇಹಿಯಲ್ಲ, ನಂಬಿಕಸ್ಥ. ಹಿಂಗಣಾಕ್ಕೆ ಬರುವ ನಮ್ಮ ಹುಡುಗನ ಕಥೆ ತದ್ವಿರುದ್ಧ. ಆದರೂ ಇಬ್ಬರೂ ನಿಂತಿರುವುದು ಒಂದೇ ಹೊಸ್ತಿಲಲ್ಲಿ. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಂಗಳದವರೆಗೆ ಬಂದ ಅಧಿಕಾರಿಯನ್ನು ಅಲ್ಲಿಯೇ ಇರಗೊಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೂ ಸೇನೆಯ ವಾದದಲ್ಲಿ ಒಂದು ತಿರುಳಿದೆ. ಅದು ಅಧಿಕಾರಿಗೆ "ನೀನು ನಂಬು" ಎನ್ನಲಿಲ್ಲ. "ನಿನ್ನ ನಂಬಿಕೆ ಏನೇ ಇರಲಿ, ನಿನ್ನ ಜವಾನರ ಜೊತೆ ನಿಲ್ಲು" ಎಂದಿತು. ಅಲ್ಲಿ ಪೂಜೆ ಒಂದು ಕವಾಯತು. ನಾಳೆ ಯಾರ ಮಾತಿಗೆ ಪ್ರಾಣ ಕೊಡಬೇಕೋ ಅವನು ಇವತ್ತು ನಮ್ಮ ಪಕ್ಕದಲ್ಲಿ ತಲೆಬಾಗಿ ನಿಂತಿದ್ದಾನೆ ಎಂದು ಜವಾನನಿಗೆ ಕಾಣಬೇಕು. ಒಳಗಿನ ಮನಸ್ಸನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಕೇಳುವುದೇ ಒಳಗಿನ ಮನಸ್ಸನ್ನು. ಸೇನೆಯ ತರ್ಕ ಮನೆಗೆ ಒಗ್ಗದೇ ಇರುವುದು ಇಲ್ಲಿ. "ಒಳಗೆ ಬಂದು ಒಂದು ಸಲ ಕೈಮುಗಿದರೆ ನಿನ್ನ ಗಂಟೇನು ಹೋಗುತ್ತದೆ?" ಎಂದು ಹುಡುಗಿಯ ತಾಯಿ ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಅಪರಿಚಿತರ ಎದುರು, ಬಂಧುಗಳ ಎದುರು, ಸಾಹೇಬರ ಎದುರು ನಾವೆಲ್ಲ ಹಾಗೆ ಕೈಮುಗಿದು ಬಂದವರೇ. ಆದರೆ ಜೀವನದಲ್ಲಿ ಒಬ್ಬರ ಎದುರಾದರೂ ವೇಷ ಹಾಕದೆ ಇರಬೇಕಲ್ಲ. ಕಟ್ಟಿಕೊಳ್ಳುವವಳ ಎದುರೇ ನಟಿಸಬೇಕಾದರೆ ಆ ಮನೆಯೂ ಒಂದು ಬ್ಯಾರಕ್ಕೇ ಆಯಿತು. ಜೊತೆಗೆ, ನಿಜವಾದ ಭಕ್ತೆಗೆ ಅದು ಬೇಕಾಗಿಯೂ ಇರುವುದಿಲ್ಲ. ಅವಳು ಬೇಡಿಕೊಂಡದ್ದು ಅವನ ದೇಹ ಗರ್ಭಗುಡಿಯಲ್ಲಿ ನಿಲ್ಲಲಿ ಎಂದಲ್ಲ, ಅವನ ಮನಸ್ಸು ಅಲ್ಲಿರಲಿ ಎಂದು. ಮನಸ್ಸಿಲ್ಲದ ದೇಹವನ್ನು ದೇವರ ಮುಂದೆ ನಿಲ್ಲಿಸಿದರೆ ಅವಳ ಹರಕೆ ತೀರಿದಂತೆಯೇ?

ಇನ್ನು ಸಂದೇಹದ ಬಗ್ಗೆ. ಯುದ್ಧಭೂಮಿಯ ಕಂದಕದಲ್ಲಿ ನಾಸ್ತಿಕರಿರುವುದಿಲ್ಲ ಎಂಬ ಮಾತು ಇಂಗ್ಲಿಷಿನಲ್ಲಿದೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರನ್ನು ಕುರಿತು ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ, ಕಾಳಗದ ಕಷ್ಟದ ಗಳಿಗೆಯಲ್ಲಿ ಪ್ರಾರ್ಥನೆ ತುಂಬ ನೆರವಾಯಿತು ಎಂದವರೇ ಹೆಚ್ಚು. ಗುಂಡು ಹಾರುವಾಗ ದೇವರ ಹೆಸರು ಬಾಯಿಗೆ ಬರುವುದು ಸಹಜ. ಸಂದೇಹ ಬರುವುದು ಆಗಲ್ಲ, ಆಮೇಲೆ. ಗುಂಡಿನ ಸದ್ದು ನಿಂತು, ಬ್ಯಾರಕ್ಕಿನಲ್ಲಿ ಪಕ್ಕದ ಮಂಚ ಖಾಲಿ ಇರುವುದು ಕಂಡಾಗ. ಸತ್ತ ಗೆಳೆಯನ ಮನೆಯಲ್ಲೂ ಒಬ್ಬ ತಾಯಿ ಉಪವಾಸ ಮಾಡುತ್ತಿದ್ದಳು, ಅವನ ಕೊರಳಲ್ಲೂ ಒಂದು ತಾಯಿತ ಇತ್ತು. ಹಿಂಗಣಾದ ಹುಡುಗಿ ಫೋನಿನಲ್ಲಿ "ವಿಠ್ಠಲ ನಿನ್ನ ಕಾಪಾಡಿದ" ಎಂದಾಗ ಹುಡುಗನಿಗೆ ಕೇಳಿಸುವುದು ಇನ್ನೊಂದೇ ಮಾತು: ಅವನನ್ನು ಕಾಪಾಡಲಿಲ್ಲ. ನನ್ನನ್ನು ಉಳಿಸಿದವನೇ ಅವನನ್ನು ಬಿಟ್ಟನು ಎಂದರೆ, ಅಂಥವನಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ? ಇದು ಪುಸ್ತಕ ಓದಿ ಬಂದ ನಾಸ್ತಿಕತೆಯಲ್ಲ, ಗೆಳೆಯನ ಕಡೆಗಿನ ನಿಷ್ಠೆ.

ಅವಳ ಭಕ್ತಿಯೂ ಶಾಸ್ತ್ರ ಓದಿ ಬಂದದ್ದಲ್ಲ. ಫೋನು ಸಿಗದ ಹದಿನೈದು ದಿನಗಳಲ್ಲಿ, ಟಿವಿಯಲ್ಲಿ ಗಡಿಯ ಸುದ್ದಿ ಬರುವ ರಾತ್ರಿಗಳಲ್ಲಿ, ಅವಳ ಕೈಯಲ್ಲಿ ಮಾಡಲು ಬೇರೆ ಏನಿತ್ತು? ಊಟ ಬಿಟ್ಟಳು, ದೀಪ ಹಚ್ಚಿದಳು, ಬೇಡಿಕೊಂಡಳು. ಅವನ ಸಂದೇಹ, ಅವಳ ಉಪವಾಸ ಎರಡೂ ಒಂದೇ ಭಯದ ಎರಡು ಮಕ್ಕಳು. ಇಷ್ಟು ಅರ್ಥವಾದರೆ ದೇವರು ಇದ್ದಾನೋ ಇಲ್ಲವೋ ಎಂಬ ವಾದಕ್ಕೆ ಇಬ್ಬರೂ ಇಳಿಯಬೇಕಾಗಿಲ್ಲ. ಸಾವಿರಾರು ವರ್ಷ ಬಗೆಹರಿಯದ್ದು ಲೋಕಮಾನ್ಯ ನಗರದ ಮೆಟ್ರೋ ನಿಲ್ದಾಣದಲ್ಲಿ ಬಗೆಹರಿಯಬೇಕೆಂದೇನೂ ಇಲ್ಲ.

ನಾಗಪುರದಲ್ಲಿ ನಿಂತು ಈ ವಿಷಯ ಮಾತಾಡುವಾಗ ಬಾಬಾಸಾಹೇಬ ಅಂಬೇಡ್ಕರ್ ಮತ್ತು ರಮಾಬಾಯಿ ನೆನಪಾಗದೆ ಇರರು. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಳ್ ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಕಬೀರಪಂಥಿ. ಮಗ 1891ರಲ್ಲಿ ಹುಟ್ಟಿದ್ದೇ ಮಹೂ ದಂಡುಪ್ರದೇಶದಲ್ಲಿ. ರಮಾಬಾಯಿ ವಿಠ್ಠಲನ ಭಕ್ತೆ. ಪಂಢರಪುರಕ್ಕೆ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಅಂಬೇಡ್ಕರ್ ಒಪ್ಪಲಿಲ್ಲ. ಹೋದರೂ ಅಸ್ಪೃಶ್ಯರು ಗುಡಿಯಿಂದ ದೂರ ನಿಲ್ಲಬೇಕಿದ್ದ ಕಾಲ ಅದು. ಭಕ್ತರನ್ನೇ ಒಳಗೆ ಬಿಡದ ಪಂಢರಪುರ ನಮಗೇಕೆ, ನಮ್ಮ ನಡತೆ ಮತ್ತು ಸೇವೆಯಿಂದ ಬೇರೊಂದು ಪಂಢರಪುರವನ್ನು ಕಟ್ಟಿಕೊಳ್ಳೋಣ ಎಂಬರ್ಥದ ಮಾತನ್ನು ಅವರು ಹೆಂಡತಿಗೆ ಹೇಳಿದರೆಂದು ಜೀವನಚರಿತ್ರೆಗಳಲ್ಲಿದೆ. ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಪಂಢರಪುರದ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ರಮಾಬಾಯಿ ಹೋಗಿ ಆಗ ಹನ್ನೆರಡು ವರ್ಷ ಕಳೆದಿತ್ತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಂಬೇಡ್ಕರರ ದೃಢತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಆ ಮಾತನ್ನು ಕೇಳಿಸಿಕೊಂಡ ರಮಾಬಾಯಿಯವರ ಕಡೆಯಿಂದಲೂ ಒಮ್ಮೆ ನೋಡಬೇಕು. ಆಕೆಯ ಆಸೆ ಆಸೆಯಾಗಿಯೇ ಉಳಿಯಿತು. ಗಂಡನ ಮಾತಿನಲ್ಲಿ ನ್ಯಾಯವಿತ್ತು, ಹೆಂಡತಿಯ ಭಕ್ತಿಯಲ್ಲಿ ಸುಳ್ಳಿರಲಿಲ್ಲ. ಇಬ್ಬರ ನಡುವೆ ನಿಂತಿದ್ದದ್ದು ದೇವರಲ್ಲ, ಗುಡಿಯ ಬಾಗಿಲು. ಮುಂದೆ ಅಂಬೇಡ್ಕರ್ ಪಾಕಿಸ್ತಾನದ ಪ್ರಶ್ನೆಯನ್ನು ಕುರಿತು ಬರೆದ ಪುಸ್ತಕವನ್ನು ರಮಾಬಾಯಿಯವರ ನೆನಪಿಗೆ ಅರ್ಪಿಸಿ, ಆಕೆಯ ಒಳ್ಳೆಯತನವನ್ನೂ ತಮ್ಮ ಜೊತೆ ಕಷ್ಟ ಸಹಿಸಿದ ಬಗೆಯನ್ನೂ ಅಲ್ಲಿ ನೆನೆದರು. ನಂಬಿಕೆ ಬೇರೆಯಾದರೂ ಗೌರವ ಉಳಿದಿತ್ತು ಎನ್ನುವುದಕ್ಕೆ ಇಷ್ಟು ಸಾಕು.

1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷಾಭೂಮಿಯಲ್ಲಿ ನಡೆದದ್ದು ಇನ್ನೊಂದು ಬಗೆ. ಅಂದು ಅಂಬೇಡ್ಕರ್ ಜೊತೆ ಸವಿತಾ ಅವರೂ ನಿಂತು ದೀಕ್ಷೆ ಪಡೆದರು. ಗಂಡಹೆಂಡತಿ ಒಟ್ಟಿಗೇ ಹೊಸ್ತಿಲು ದಾಟಿದರು. ಆಮೇಲೆ ಲಕ್ಷಾಂತರ ಜನರೂ ದಾಟಿದರು. ಎಷ್ಟೋ ಮನೆಗಳ ಗೋಡೆಯಿಂದ ಹಳೆಯ ದೇವರ ಪಟಗಳು ಇಳಿದವು. ಆದರೆ ಎಲ್ಲ ಜೋಡಿಗಳಿಗೂ ಹಾಗೆ ಒಂದೇ ದಿನ, ಒಂದೇ ಹೆಜ್ಜೆಯಲ್ಲಿ ದಾಟುವ ಭಾಗ್ಯ ಇರುವುದಿಲ್ಲ. ಒಬ್ಬರು ದಾಟಿದ ಮೇಲೂ ಇನ್ನೊಬ್ಬರು ಆಚೆಯೇ ಉಳಿಯಬಹುದು. ಅಂಥವರಿಗೆ ದೀಕ್ಷಾಭೂಮಿಯ ಜೋಡಿಗಿಂತ ಪಂಢರಪುರಕ್ಕೆ ಹೋಗದೆ ಉಳಿದ ಜೋಡಿಯೇ ಹತ್ತಿರದವರು.

ಸೈನ್ಯದ ಮಟ್ಟಿಗೂ ಇಲ್ಲಿ ಒಂದು ಪಾಠವಿದೆ. ಮಹಾರ್ ರೆಜಿಮೆಂಟಿನ ಹಿಂದೆ ಅಂಬೇಡ್ಕರರ ಒತ್ತಾಯವಿತ್ತು. ಅದರ ಮೊದಲ ಬೆಟಾಲಿಯನ್ 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ರೂಪುಗೊಂಡಿತು, ಎರಡನೆಯದು ಮರುವರ್ಷ ಇದೇ ಕಾಮಠಿಯಲ್ಲಿ. ಆ ರೆಜಿಮೆಂಟಿನ ರಣಘೋಷದಲ್ಲಿ ಯಾವ ದೇವರ ಹೆಸರೂ ಇಲ್ಲ: "ಬೋಲೋ ಹಿಂದೂಸ್ತಾನ್ ಕೀ ಜೈ" ಅಷ್ಟೇ. ಗಾರ್ಡ್ಸ್ ರೆಜಿಮೆಂಟನ್ನು 1949ರಲ್ಲಿ ಕಟ್ಟಿದವರು ಕೊಡಗಿನ ಕಾರ್ಯಪ್ಪ. ಒಂದು ಜಾತಿ, ಒಂದು ಪ್ರಾಂತ್ಯಕ್ಕೆ ಕಟ್ಟುಬೀಳದೆ ದೇಶದ ಎಲ್ಲ ಕಡೆಯವರನ್ನೂ ಸೇರಿಸಿಕೊಳ್ಳುವ ಪಡೆ ಅದು. ದೇವರ ಹೆಸರಿಲ್ಲದೆಯೂ ಒಟ್ಟಿಗೆ ನಿಲ್ಲಬಹುದು, ಬೇರೆ ಬೇರೆ ದೇವರಿದ್ದೂ ಒಟ್ಟಿಗೆ ನಿಲ್ಲಬಹುದು ಎಂಬುದನ್ನು ಕಾಮಠಿಯ ಮಣ್ಣು ಆಗಲೇ ಕಂಡಿದೆ. ಹಿಂಗಣಾದ ಒಂದು ಮನೆಗೆ ಅದು ಯಾಕೆ ಸಾಧ್ಯವಾಗಬಾರದು?

ಸಾಧ್ಯವಾಗಬೇಕಾದರೆ ಮೊದಲನೆಯ ಶರತ್ತು, ಮುಚ್ಚಿಡಬಾರದು. ಇದಕ್ಕೆ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ವೆರಾ ಬ್ರಿಟನ್ ಎಂಬ ಯುವತಿಗೂ ರೋಲಂಡ್ ಲೈಟನ್ ಎಂಬ ಯುವ ಸೇನಾಧಿಕಾರಿಗೂ 1915ರ ಆಗಸ್ಟಿನಲ್ಲಿ ಮದುವೆ ನಿಶ್ಚಯವಾಯಿತು. ಇಬ್ಬರೂ ಪತ್ರಗಳಲ್ಲಿ ಎಲ್ಲವನ್ನೂ ಹಂಚಿಕೊಳ್ಳುತ್ತಿದ್ದವರು. ದೇವರ ಬಗ್ಗೆ ವೆರಾ ಅವರಿಗೆ ಅನುಮಾನಗಳೇ ಹೆಚ್ಚು. ಅದೇ ಡಿಸೆಂಬರ್ 23ರಂದು ಫ್ರಾನ್ಸಿನಲ್ಲಿ ಗುಂಡೇಟಿನಿಂದ ರೋಲಂಡ್ ತೀರಿಕೊಂಡರು. ಕ್ರಿಸ್ಮಸ್ ರಜೆಗೆ ಅವರು ಬರುತ್ತಾರೆಂದು ವೆರಾ ಕಾಯುತ್ತಿದ್ದರು. ರೋಲಂಡ್ ಆ ವರ್ಷ ಯಾರಿಗೂ ಹೇಳದೆ ಕ್ಯಾಥೊಲಿಕ್ ಪಂಥ ಸೇರಿದ್ದರು ಎಂಬುದು ಆಕೆಗೆ ತಿಳಿದದ್ದು ಅವರು ಸತ್ತ ಮೇಲೆ. 1933ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ವೆರಾ ಇದನ್ನು ಬರೆದಿದ್ದಾರೆ. ಇಲ್ಲಿ ಪಾತ್ರಗಳು ಅದಲುಬದಲು: ಸೈನಿಕನೇ ನಂಬಿಕೆಯ ಕಡೆ ಹೋದವನು, ಕಾಯುತ್ತಿದ್ದವಳು ಸಂದೇಹಿ. ಆದರೆ ಗಾಯ ಅದೇ. ಅವನ ಮನಸ್ಸಿನ ಅಷ್ಟು ದೊಡ್ಡ ತಿರುವನ್ನು ಕೇಳಲು, ಜಗಳವಾಡಲು, ಒಪ್ಪಲು, ಅವಳಿಗೆ ಅವಕಾಶವೇ ಸಿಗಲಿಲ್ಲ. ಮದುವೆಗೆ ಮೊದಲು ಹೇಳಿದರೆ ಸಂಬಂಧ ಮುರಿಯಬಹುದು ಎಂಬ ಭಯದಿಂದ ಬಾಯಿ ಮುಚ್ಚುವ ಹುಡುಗರು ಇದನ್ನು ಯೋಚಿಸಬೇಕು. ಸೈನಿಕನಿಗೆ "ಆಮೇಲೆ ಹೇಳಿದರಾಯಿತು" ಎಂಬ ಸವಲತ್ತು ಉಳಿದವರಿಗಿಂತ ಕಡಿಮೆ.

ಎರಡನೆಯದು ಹರಕೆಯ ಲೆಕ್ಕ. ನಮ್ಮಲ್ಲಿ ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರ ತಲೆಯ ಮೇಲೆ ತೀರಿಸುವ ರೂಢಿ ಇದೆ. ಅಜ್ಜಿ ಹೊತ್ತದ್ದಕ್ಕೆ ಮೊಮ್ಮಗನ ಮುಡಿ ಇಳಿಯುತ್ತದೆ. ಮಗುವಿಗೆ ಅದು ನಡೆದೀತು. ಬೆಳೆದವನ ವಿಷಯದಲ್ಲಿ ಹೊತ್ತವರೇ ತೀರಿಸಬೇಕು. ಅವಳ ಉಪವಾಸ ಅವಳದು, ಅದರ ಪುಣ್ಯವೂ ಅವಳದು. ಅದನ್ನು ಅವನ ಮೇಲಿನ ಸಾಲವನ್ನಾಗಿ ಮಾಡಿ ವಸೂಲಿಗೆ ನಿಂತರೆ ಪ್ರೀತಿ ಲೇವಾದೇವಿಯಾಗುತ್ತದೆ. ಜೋಡಿಯಾಗಿ ಬರುತ್ತೇವೆ ಎಂದು ಬೇಡಿಕೊಂಡಿದ್ದರೆ ಜೋಡಿಯಾಗಿಯೇ ಹೋಗಲಿ. ಹಿಂಗಣಾದಿಂದ ಪಂಢರಪುರದವರೆಗಿನ ದಾರಿಯೆಲ್ಲ ಜೋಡಿಯೇ ಅಲ್ಲವೇ? ಗರ್ಭಗುಡಿಯ ಕೊನೆಯ ಹತ್ತು ಹೆಜ್ಜೆ ಮಾತ್ರ ಅವಳೊಬ್ಬಳದು.

ಮೂರನೆಯದು ಅವನ ಕಡೆಯ ಋಣ. ಸಂದೇಹ ಬಂದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ತಾನು ಎಚ್ಚೆತ್ತವನು, ಉಳಿದವರು ನಿದ್ದೆಯಲ್ಲಿರುವವರು ಎಂಬ ನಗು. ಅವಳ ತುಳಸಿಮಾಲೆಯ ಬಗ್ಗೆ ಚುಚ್ಚುಮಾತು, ಏಕಾದಶಿಯಂದು ಬೇಕೆಂದೇ ಕೇಳುವ ಊಟ. ಇದು ವಿಚಾರವಂತಿಕೆಯಲ್ಲ, ಸಣ್ಣತನ. ಅವಳು ಒಳಗೆ ಹೋಗುವಾಗ ಅವನು ಹೊರಗೆ ನಿಂತು ಅವಳ ಚಪ್ಪಲಿ ಕಾಯಲಿ. ನಮ್ಮ ಕೆಲವು ವಿಚಾರವಾದಿಗಳಿಗೆ ಇದು ರಾಜಿಯಂತೆ ಕಂಡೀತು: ನಂಬದ ಮೇಲೆ ಬಾಗಿಲವರೆಗೂ ಏಕೆ ಹೋಗಬೇಕು? ಅವನು ಬಂದದ್ದು ದೇವರ ಬಾಗಿಲಿಗಲ್ಲ, ಅವಳು ಹೋಗುವ ಕಡೆಗೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯ ಹೊರಗೂ ನಾವು ಹಾಗೆಯೇ ಕೂರುತ್ತೇವೆ. ಒಳಗೆ ನಡೆಯುವುದು ನಮ್ಮ ಕೈಯಲ್ಲಿಲ್ಲ, ಆದರೂ ಎದ್ದು ಹೋಗುವುದಿಲ್ಲ.

ಹುಡುಗಿಯ ಕಡೆಯಿಂದ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾಳೆ ಮಕ್ಕಳಾದರೆ? ಅಪ್ಪ ಹೊರಗೆ, ಅಮ್ಮ ಒಳಗೆ. ಮಗು ಎಲ್ಲಿ ನಿಲ್ಲಬೇಕು? ಕಾನೂನು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಬೇರೆ ಧರ್ಮಕ್ಕೆ ಮತಾಂತರವಾದರೆ ವಿಚ್ಛೇದನಕ್ಕೆ ಕಾರಣವುಂಟು, ಸಂದೇಹಕ್ಕೆ ಯಾವ ಕಲಮೂ ಇಲ್ಲ. ಸಂದೇಹವನ್ನು ಮನೆಯವರೇ ಸಂಭಾಳಿಸಿಕೊಳ್ಳಬೇಕು. ಮಗು ಮೊದಲು ಅಮ್ಮನ ಸೊಂಟದ ಮೇಲೆ ಒಳಗೆ ಹೋಗುತ್ತದೆ, ಹೋಗಲಿ. ಬೆಳೆದ ಮೇಲೆ ಒಂದು ದಿನ "ಅಪ್ಪಾ, ನೀನ್ಯಾಕೆ ಬರೋದಿಲ್ಲ?" ಎಂದು ಕೇಳುತ್ತದೆ. ಆಗ ಅವನು ಸುಳ್ಳು ಹೇಳದೆ, ಅಮ್ಮನ ದೇವರನ್ನು ಕೀಳುಮಾಡದೆ, ತನ್ನ ಗೆಳೆಯನ ಕಥೆ ಹೇಳಲಿ. ಎರಡನ್ನೂ ನೋಡಿ ಬೆಳೆದ ಮಗುವಿಗೆ ನಂಬಿಕೆ, ಸಂದೇಹ ಎರಡೂ ಮನುಷ್ಯರ ಸ್ವಭಾವಗಳೇ ಎಂದು ತಿಳಿಯುತ್ತದೆ. ಒಂದನ್ನೇ ನೋಡಿ ಬೆಳೆದ ಮಗುವಿಗಿಂತ ಅದು ನಷ್ಟದಲ್ಲಿರುತ್ತದೆ ಎಂದು ನಾನು ಒಪ್ಪಲಾರೆ.

ಇಷ್ಟಾದರೂ ಕೆಲವು ಜೋಡಿಗಳು ಬೇರೆಯಾಗುತ್ತವೆ. ದೇವರನ್ನು ಹಂಚಿಕೊಳ್ಳದವನ ಜೊತೆ ಬಾಳಲಾರೆ ಎಂದು ಅವಳಿಗೆ ಪ್ರಾಮಾಣಿಕವಾಗಿ ಅನ್ನಿಸಿದರೆ ಅದನ್ನು ಹೇಳುವ ಹಕ್ಕು ಅವಳಿಗುಂಟು. ಹಾಗೆ ಹೇಳಿದವಳನ್ನು ಮೂಢಳೆಂದು ಕರೆಯಲು ನನಗೆ ಮನಸ್ಸಿಲ್ಲ. ಒಂದೇ ಒಂದು ಮಾತು ಅವಳಲ್ಲಿ ಕೇಳುವುದಿದೆ. ಜ್ಞಾನೇಶ್ವರರು ಕರ್ನಾಟಕದವನೆಂದು ಕರೆದ ಆ ವಿಠ್ಠಲ, ಕಥೆಯ ಪ್ರಕಾರ, ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಎಸೆದ ಇಟ್ಟಿಗೆಯ ಮೇಲೆ ಕಾಯುತ್ತಾ ನಿಂತವನು. ಪುಂಡಲೀಕ ದೇವರು ಬಂದನೆಂದು ಕೈಯಲ್ಲಿದ್ದ ಸೇವೆ ಬಿಟ್ಟು ಏಳಲಿಲ್ಲ. ದೇವರು ಅದಕ್ಕೆ ಸಿಟ್ಟಾಗಲೂ ಇಲ್ಲ, ಮನೆಯ ಹೊರಗೇ ನಿಂತುಕೊಂಡ. ಸತ್ತ ಗೆಳೆಯನ ಲೆಕ್ಕ ಮುಗಿಯದೆ ಒಳಗೆ ಬರಲಾರೆ ಎಂದು ಹೊರಗೆ ನಿಂತವನನ್ನು ಅಂಥ ದೇವರ ಭಕ್ತೆ ಅರ್ಥಮಾಡಿಕೊಳ್ಳಬಲ್ಲಳು ಎಂದು ನನ್ನ ನಂಬಿಕೆ.